4 ಅಡಿ ಗಾಜಿನ ಮನೆಗೆ ಬದಲಾಯಿಸಿದ ಮೇಲೆ ನಮ್ಮ ಬಾಲ್ ಪೈಥಾನ್ ಊಟ ಬಿಟ್ಟಿದೆ

ಕೊಲಂಬಸ್ ಅಮ್ಮ, ಅಕ್ಟೋಬರ್ 18

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಒಹಾಯೊದಲ್ಲಿ, ಕೊಲಂಬಸ್ ಊರು. ತವರು ತೀರ್ಥಹಳ್ಳಿ ಹತ್ತಿರ. ನನ್ನ ಮಗಳಿಗೆ 13 ವರ್ಷ. ಎರಡು ವರ್ಷ ಹಟ ಹಿಡಿದು, ಓದಿ, ನೋಟ್‌ಬುಕ್ ತುಂಬ ಬರೆದು ತೋರಿಸಿ, ಬಾಲ್ ಪೈಥಾನ್ ಅನ್ನುವ ಸಣ್ಣ ಜಾತಿಯ ಹೆಬ್ಬಾವು ಸಾಕಲು ನಮ್ಮನ್ನು ಒಪ್ಪಿಸಿದಳು. ಹೆಣ್ಣು ಹಾವು. ಈಗ ಅದಕ್ಕೆ 3 ವರ್ಷ, ಮೂರೂವರೆ ಅಡಿ ಉದ್ದ, ತೂಕ 1,150 ಗ್ರಾಂ. ಗಾಬರಿಯಾದರೆ ತಲೆ ಒಳಗಿಟ್ಟು ತಂಬಿಟ್ಟಿನ ಉಂಡೆಯ ಹಾಗೆ ಸುತ್ತಿಕೊಳ್ಳುತ್ತದೆ. ಹಾಗಾಗಿ ಹೆಸರು ಉಂಡೆ.

ಇಷ್ಟು ದಿನ 40 ಗ್ಯಾಲನ್ ತೊಟ್ಟಿಯಲ್ಲಿತ್ತು. ಮೂರು ವಾರದ ಹಿಂದೆ ಸೆಕೆಂಡ್ ಹ್ಯಾಂಡ್ ಆಗಿ ದೊಡ್ಡ ಗಾಜಿನ ಪೆಟ್ಟಿಗೆ ಸಿಕ್ಕಿತು. 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಮುಂದೆ ಸರಿಸುವ ಗಾಜಿನ ಬಾಗಿಲು, ಮೇಲೆ ಕಬ್ಬಿಣದ ಜಾಲರಿ. ಒಳಗೆ ಪೇಪರ್ ಹಾಸಿ, ಒಂದು ಅಡಗುವ ಗೂಡು, ನೀರಿನ ಬಟ್ಟಲು, ಒಂದು ಕೊಂಬೆ ಇಟ್ಟೆವು. ಗಾಜಿನ ಕೆಳಗೆ ಹೀಟ್ ಮ್ಯಾಟ್, ಮೇಲೆ 100 ವ್ಯಾಟ್ ಬಲ್ಬ್.

ಆವತ್ತಿನಿಂದ ಹಾವು ಹಾವಾಗಿಲ್ಲ. ಹಗಲೆಲ್ಲ ಗೂಡಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ರಾತ್ರಿ ಗಾಜಿಗೆ ಮೂಗು ಉಜ್ಜುತ್ತಾ ಆ ಮೂಲೆಯಿಂದ ಈ ಮೂಲೆಗೆ ಓಡಾಡುತ್ತದೆ. ಎರಡು ಸಲ ಇಲಿ ಕೊಟ್ಟೆವು, ಮುಟ್ಟಲಿಲ್ಲ. ತೇವಾಂಶದ ಮೀಟರ್ 28 ಪರ್ಸೆಂಟ್ ತೋರಿಸುತ್ತಿದೆ. ಇಲ್ಲಿ ಪರಿಚಯದವರೊಬ್ಬರು, "ದೊಡ್ಡ ಜಾಗ ಕೊಟ್ಟರೆ ಹಾವು ಹೆದರುತ್ತದೆ, ಹಳೇ ತೊಟ್ಟಿಗೇ ಹಾಕಿಬಿಡಿ" ಅಂದರು. ಮಗಳು ತಾನೇ ತಪ್ಪು ಮಾಡಿದೆ ಅಂತ ಅಳುತ್ತಾಳೆ. ಇದು ನಿಜವಾ? ತಿಳಿದವರು ದಯವಿಟ್ಟು ಹೇಳಿ.

ಹುತ್ತದ ಮಣ್ಣು, ಅಕ್ಟೋಬರ್ 18

ಅಕ್ಕಾ, ಮೊದಲು ಮಗಳ ಕಣ್ಣೊರೆಸಿ. ಹಾವಿಗೆ ದೊಡ್ಡ ಮನೆ ಬೇಕು ಅಂತ ಅವಳಿಗೆ ಅನ್ನಿಸಿದ್ದು ಸರಿಯಾಗಿಯೇ ಇದೆ. ಮೂರೂವರೆ ಅಡಿ ಹಾವು ಮೈ ಚಾಚಿ ಮಲಗಬೇಕು ಅಂದರೆ 4 ಅಡಿ ಬೇಕೇ ಬೇಕು. ನಾನು ಇಂಗ್ಲೆಂಡಿನಲ್ಲಿದ್ದೇನೆ. 11 ವರ್ಷದಿಂದ ಈ ಹಾವುಗಳನ್ನೇ ಸಾಕುತ್ತಿದ್ದೇನೆ.

ಜಾಗ ದೊಡ್ಡದಾಯಿತು ಅಂತ ಹಾವು ಹೆದರುವುದಿಲ್ಲ. ಮರೆ ಇಲ್ಲದಿದ್ದರೆ ಹೆದರುತ್ತದೆ.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಘಾನಾ, ಟೋಗೊ, ಬೆನಿನ್ ಕಡೆ ಹುಲ್ಲುಗಾವಲಲ್ಲಿ, ಹೊಲದ ಅಂಚಲ್ಲಿ ಇರುತ್ತದೆ. ಹಗಲು ಕಳೆಯುವುದು ಇಲಿಯ ಬಿಲದಲ್ಲಿ, ಇಲ್ಲಾಂದ್ರೆ ಗೆದ್ದಲಿನ ಹುತ್ತದಲ್ಲಿ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ ಅಂತ ನಮ್ಮ ಕಡೆ ಹೇಳುತ್ತಾರಲ್ಲ, ಅಲ್ಲೂ ಅದೇ ಕಥೆ. ಆ ಬಿಲದ ಹೊರಗೆ ಎಕರೆಗಟ್ಟಲೆ ಬಯಲಿದೆ. ಬಯಲಿದ್ದರೂ ಅದು ನೆಮ್ಮದಿಯಾಗಿರುತ್ತದೆ, ಯಾಕಂದ್ರೆ ನುಗ್ಗಲು ಬಿಲ ಹತ್ತಿರದಲ್ಲೇ ಇರುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿ ಗೂಡು ಇರುವುದು ಒಂದೇ. ಅದನ್ನು ಬಿಟ್ಟರೆ ಬರೀ ಪೇಪರ್, ನಾಲ್ಕೂ ಕಡೆ ಗಾಜು. ಹಾವಿನ ಜಾಗದಲ್ಲಿ ಕೂತು ನೋಡಿ, ಮೇಲಿನಿಂದ ಹದ್ದು ಬಂದರೆ ಓಡುವುದೆಲ್ಲಿಗೆ?

ಹಳೇ ತೊಟ್ಟಿಗೆ ಹಾಕಬೇಡಿ. ಇದನ್ನೇ ತುಂಬಿಸೋಣ. ನಾಲ್ಕು ವಿಷಯ ತಿಳಿಸಿ. ಹೀಟ್ ಮ್ಯಾಟ್‌ಗೆ ಥರ್ಮೋಸ್ಟಾಟ್, ಅಂದರೆ ಶಾಖ ಹದದಲ್ಲಿಡುವ ಸಾಧನ, ಇದೆಯಾ? ಉಷ್ಣಾಂಶ ಯಾವುದರಲ್ಲಿ ಅಳೆಯುತ್ತೀರಿ? ಪೆಟ್ಟಿಗೆ ಯಾವುದರ ಮೇಲೆ ಕೂತಿದೆ? ಕೊನೆಯ ಪೊರೆ ಇಡಿಯಾಗಿ ಬಂತಾ, ತುಂಡು ತುಂಡಾಗಿಯಾ?

ಕೊಲಂಬಸ್ ಅಮ್ಮ, ಅಕ್ಟೋಬರ್ 19

ಥರ್ಮೋಸ್ಟಾಟ್ ಇಲ್ಲ, ಮ್ಯಾಟನ್ನು ನೇರ ಪ್ಲಗ್‌ಗೆ ಹಾಕಿದ್ದೇವೆ. ಗಾಜಿಗೆ ಅಂಟಿಸುವ ದುಂಡು ಮುಳ್ಳಿನ ಮೀಟರ್ ಇದೆ, ಅದು 29 ಡಿಗ್ರಿ ತೋರಿಸುತ್ತದೆ. ನನ್ನ ಗಂಡ ಅಡುಗೆಮನೆಯ ಇನ್‌ಫ್ರಾರೆಡ್ ಗನ್ ತಂದು ಪೇಪರ್ ಎತ್ತಿ ಗಾಜಿಗೇ ಹಿಡಿದರು. 46 ಡಿಗ್ರಿ ಬಂತು. ನನಗೆ ಕೈಕಾಲು ತಣ್ಣಗಾಯಿತು. ಪೆಟ್ಟಿಗೆ ಇಟ್ಟಿರುವುದು ಹಳೇ ಟಿವಿ ಸ್ಟ್ಯಾಂಡ್ ಮೇಲೆ. ಕೊನೆಯ ಪೊರೆ ಚೂರು ಚೂರಾಗಿ ಬಂದಿತ್ತು.

ಪಶುವೈದ್ಯೆ ಮೈಸೂರು, ಅಕ್ಟೋಬರ್ 19

ಮೇಡಂ, ಆ ಮ್ಯಾಟ್ ಈಗಲೇ ತೆಗೆಯಿರಿ. ನಾಳೆಗೆ ಇಡಬೇಡಿ. ಕೆಳಗಿನಿಂದ ಸುಡುತ್ತಿದ್ದರೂ ಹಾವು ಎದ್ದು ಹೋಗದೆ ಅಲ್ಲೇ ಸುತ್ತಿಕೊಂಡು ಇದ್ದುಬಿಡಬಹುದು. ಹೊಟ್ಟೆಯ ಅಗಲ ಹುರುಪೆಗಳನ್ನು ಬೆಳಕಿಗೆ ಹಿಡಿದು ನೋಡಿ. ಕೆಂಪಗಿದೆಯಾ, ಕಂದು ಬಣ್ಣಕ್ಕೆ ತಿರುಗಿದೆಯಾ, ಗುಳ್ಳೆ ಎದ್ದಿದೆಯಾ? ಇದ್ದರೆ ಸರೀಸೃಪ ನೋಡುವ ಡಾಕ್ಟರ್ ಹತ್ತಿರ ಅದೇ ದಿನ ಹೋಗಬೇಕು. ಮನೆ ಮುಲಾಮು ಏನೂ ಹಚ್ಚಬೇಡಿ.

ಮೂಗಿನ ತುದಿಯೂ ನೋಡಿ. ಗಾಜಿಗೆ ಉಜ್ಜಿ ಉಜ್ಜಿ ಅಲ್ಲಿ ಗಾಯವಾಗುತ್ತದೆ. ಉಸಿರಾಡುವಾಗ ಸಿಳ್ಳೆ ಸದ್ದು ಬರುತ್ತಿದೆಯಾ, ಬಾಯಿ ತೆರೆದುಕೊಂಡಿರುತ್ತದೆಯಾ, ಮೂಗಲ್ಲಿ ನೊರೆ ಇದೆಯಾ? ಇವು ಶ್ವಾಸಕೋಶದ ಸೋಂಕಿನ ಲಕ್ಷಣ.

ಊಟ ಬಿಟ್ಟಿದ್ದಕ್ಕೆ ಸದ್ಯಕ್ಕೆ ಭಯ ಬೇಡ. ಆರೋಗ್ಯವಾಗಿರುವ ದೊಡ್ಡ ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು, ಚಳಿಗಾಲದಲ್ಲಂತೂ ಅದು ಮಾಮೂಲು. ಅಡುಗೆಮನೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ನೂರಕ್ಕೆ ಹತ್ತು ಪಾಲು ಇಳಿದರೆ ನನ್ನಂಥವರಿಗೆ ತೋರಿಸಿ. ಬೇಗ ಬೇಗ ಇಲಿ ಒಡ್ಡಿ ಪೀಡಿಸಬೇಡಿ. ಹೊಸ ವ್ಯವಸ್ಥೆ ಮಾಡಿದ ಮೇಲೆ ಹತ್ತು ದಿನ ಕೈಗೆ ಎತ್ತಿಕೊಳ್ಳುವುದೂ ಬೇಡ.

ಗಾಜಿನ ಕೆಲಸ ಹುಬ್ಬಳ್ಳಿ, ಅಕ್ಟೋಬರ್ 19

ಅಕ್ಕಾರೆ, ಹಾವಿನ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ. ಗಾಜಿನ ಬಗ್ಗೆ ಗೊತ್ತು. 18 ವರ್ಷದಿಂದ ಅಕ್ವೇರಿಯಂ, ಶೋಕೇಸ್ ಮಾಡುತ್ತಿದ್ದೇನೆ. ಟಿವಿ ಸ್ಟ್ಯಾಂಡ್ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಲೆಕ್ಕ ನೋಡ್ರಿ. ಒಂದು ಚದರ ಮೀಟರ್ ಗಾಜು, ಒಂದು ಎಂಎಂ ದಪ್ಪಕ್ಕೆ ಎರಡೂವರೆ ಕೆಜಿ ತೂಗುತ್ತದೆ. 5 ಎಂಎಂ ಗಾಜಾದರೆ ಹನ್ನೆರಡೂವರೆ. ನಿಮ್ಮ ಪೆಟ್ಟಿಗೆಗೆ ತಳ, ನಾಲ್ಕು ಬದಿ ಸೇರಿ ಹತ್ತಿರಹತ್ತಿರ 3 ಚದರ ಮೀಟರ್. ಬರೀ ಗಾಜೇ 37 ಕೆಜಿ. ಒಳಗೆ 4 ಇಂಚು ಮಣ್ಣು ಹಾಕಿದರೆ ಅದು 75 ಲೀಟರ್. ಒದ್ದೆ ಮಣ್ಣು ಲೀಟರಿಗೆ ಒಂದು ಕೆಜಿ ಅಂತ ಹಿಡಿದರೂ ಒಟ್ಟು 110 ದಾಟಿತು. ಮೇಲೆ ಕಲ್ಲು, ಮರ, ನೀರು. ಪ್ಲೈವುಡ್ ಟಿವಿ ಸ್ಟ್ಯಾಂಡ್ ನಡುವೆ ಕೂಡಲೇ ಬಾಗುತ್ತದೆ. ಹಲಗೆ ಎರಡು ಎಂಎಂ ಬಾಗಿದರೂ ಗಾಜು ಬಾಗುವುದಿಲ್ಲ, ಮೂಲೆಯಿಂದ ಬಿರುಕು ಬಿಡುತ್ತದೆ. ಅಷ್ಟೇ ಅಳತೆಯ ಅಕ್ವೇರಿಯಂ ಸ್ಟ್ಯಾಂಡ್ ಹಳೇದು ಸಿಕ್ಕರೆ ತಗೊಳ್ಳಿ. ಅದನ್ನು 450 ಲೀಟರ್ ನೀರು ಹೊರಲು ಮಾಡಿರುತ್ತಾರೆ, ನಿಮ್ಮ ಮಣ್ಣು ಅದಕ್ಕೆ ಲೆಕ್ಕಕ್ಕಿಲ್ಲ.

ಖಾಲಿ ಇರುವಾಗಲೇ ಮಟ್ಟಗೋಲು ಇಟ್ಟು ನೋಡಿ. ತಳಕ್ಕೆ ಫ್ರೇಮ್ ಇಲ್ಲದೆ ಗಾಜು ನೇರ ಕೂರುವುದಾದರೆ ಕೆಳಗೆ ಅರ್ಧ ಇಂಚು ಥರ್ಮಾಕೋಲ್ ಹಾಸಿ. ಫ್ರೇಮ್ ಇದ್ದರೆ ಬೇಡ. ಹೀಟ್ ಮ್ಯಾಟ್ ತೆಗೆದದ್ದು ಗಾಜಿಗೂ ಒಳ್ಳೆಯದೇ. ಮೇಲೆ ದಪ್ಪ ಮಣ್ಣು, ಕೆಳಗೆ ಬಿಸಿ ಇದ್ದರೆ ಶಾಖ ಹೋಗಲು ದಾರಿಯಿಲ್ಲ. ಗಾಜಿನ ಒಂದು ಭಾಗ ಕಾದು ಪಕ್ಕದ್ದು ತಣ್ಣಗಿದ್ದರೆ ಚಟ್ ಅಂತ ಒಡೆಯುತ್ತದೆ.

ಸೆಕೆಂಡ್ ಹ್ಯಾಂಡ್ ಅಂದಿರಿ. ಒಳಮೂಲೆಯ ಸಿಲಿಕೋನ್ ಉಗುರಿನಿಂದ ಎಬ್ಬಿಸಿ ನೋಡಿ. ಎದ್ದು ಬಂದರೆ ಕಿತ್ತು ಹೊಸದು ಹಾಕಿ. ಬೂಷ್ಟು ತಡೆಯುವ ಔಷಧಿ ಸೇರಿಸಿದ ಬಾತ್‌ರೂಮ್ ಸಿಲಿಕೋನ್ ಬೇಡ, ಅಕ್ವೇರಿಯಂಗೆ ಅಂತ ಬರೆದಿರುವುದೇ ಬೇಕು. ಹಾಕಿದಾಗ ವಿನೆಗರ್ ವಾಸನೆ ಹೊಡೆಯುತ್ತದೆ. ಆ ವಾಸನೆ ಪೂರ್ತಿ ಹೋಗುವ ತನಕ ಹಾವು ಬಿಡಬಾರದು. ಬಾಗಿಲಿಗೆ ಶೋಕೇಸ್ ಲಾಕ್ ಹಾಕಿ. ಬಂಗಾರದ ಅಂಗಡಿಯಲ್ಲಿ ಎರಡು ಗಾಜಿನ ನಡುವೆ ಹಲ್ಲಿರುವ ಪಟ್ಟಿ ಹಾಕಿರುತ್ತಾರಲ್ಲ, ಅದೇ.

ಬೆಂಗಳೂರು ಹುಡುಗ, ಅಕ್ಟೋಬರ್ 20

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಬೆಂಗಳೂರಲ್ಲಿ ಹೀಗೆ ಹಾವು ಸಾಕಬಹುದಾ? ನಮ್ಮ ಏರಿಯಾದಲ್ಲಿ ಮರಿ ಹೆಬ್ಬಾವು ಕೊಡುತ್ತೇನೆ ಅಂತ ಒಬ್ಬ ಹೇಳುತ್ತಿದ್ದಾನೆ.

ಪಶುವೈದ್ಯೆ ಮೈಸೂರು, ಅಕ್ಟೋಬರ್ 20

ದಯವಿಟ್ಟು ತಗೋಬೇಡಿ ತಮ್ಮಾ. ಹೆಬ್ಬಾವು, ನಾಗರ, ಕೇರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹೆಬ್ಬಾವು ಮೊದಲನೇ ಪಟ್ಟಿಯಲ್ಲಿದೆ. ಮನೆಯಲ್ಲಿಟ್ಟರೆ ಜೈಲು. ಅದಕ್ಕಿಂತ ಮುಖ್ಯ, ಕಾಡಿನಿಂದ ಹಿಡಿದು ತಂದ ಮರಿ ಅದು.

ಬಾಲ್ ಪೈಥಾನ್ ವಿದೇಶದ್ದು. ಅದು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. 2022ರ ತಿದ್ದುಪಡಿ ಆದ ಮೇಲೆ ಇಂಥ ಪ್ರಾಣಿಗಳ ಲೆಕ್ಕವೂ ಸರ್ಕಾರಕ್ಕೆ ಕೊಡಬೇಕು. 2024ರ ಫೆಬ್ರುವರಿಯಲ್ಲಿ ನಿಯಮ ಬಂತು, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಕಾಗದಪತ್ರ ಇಲ್ಲದೆ ಮಾರುವವರ ಹತ್ತಿರ ಹೋಗಲೇಬೇಡಿ. ಹಾವಿನ ಮೇಲೆ ಪ್ರೀತಿ ಇದ್ದರೆ ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದ ಕೆಲಸದ ಬಗ್ಗೆ ಓದಿ. 2005ರಲ್ಲಿ ಶುರುವಾದ ಆ ಕೇಂದ್ರದಲ್ಲಿ ಕಾಳಿಂಗದ ಅಧ್ಯಯನ ನಡೆಯುತ್ತದೆ.

ಹುತ್ತದ ಮಣ್ಣು, ಅಕ್ಟೋಬರ್ 20

ಅಕ್ಕಾ, ಈಗ ಪೆಟ್ಟಿಗೆಗೆ ಬರೋಣ. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಗಾಜಿನ ಪೆಟ್ಟಿಗೆಯ ದೊಡ್ಡ ಕಷ್ಟ ಅದರ ತಲೆ. ಜಾಲರಿಯ ಮೇಲೆ ಬಲ್ಬ್ ಇಟ್ಟರೆ ಬಿಸಿ ಗಾಳಿ ಮೇಲೇರಿ ಹೊರಗೆ ಹೋಗುತ್ತದೆ, ಹೋಗುವಾಗ ತೇವವನ್ನೂ ಎಳೆದುಕೊಂಡು ಹೋಗುತ್ತದೆ. ಚಳಿಗಾಲದಲ್ಲಿ ನಿಮ್ಮ ಮನೆಯ ಹೀಟರ್ ಗಾಳಿಯನ್ನು ಮೊದಲೇ ಒಣಗಿಸಿರುತ್ತದೆ. ಎಷ್ಟು ಸಲ ಸ್ಪ್ರೇ ಹೊಡೆದರೂ ಅರ್ಧ ಗಂಟೆಯಲ್ಲಿ ಮತ್ತೆ 30. ಈ ಹಾವಿಗೆ 60ರಿಂದ 80 ಬೇಕು. ಪೊರೆ ಚೂರಾಗಿ ಬಂದದ್ದು ಇದಕ್ಕೇ.

ಹಾಗಾಗಿ ಜಾಲರಿಯ ಬಹುಪಾಲನ್ನು ಮುಚ್ಚಬೇಕು. ಅಲ್ಯೂಮಿನಿಯಂ ಫಾಯಿಲ್ ಟೇಪ್ ಸಾಕು. ಬಲ್ಬ್ ಕೂರುವ ಕಡೆ ಜಾಗ ಬಿಡಿ, ಇನ್ನೊಂದು ತುದಿಯಲ್ಲಿ ಗಾಳಿ ಆಡಲು ಒಂದು ಪಟ್ಟಿ ಬಿಡಿ. ಟೇಪ್ ಹೊರಗಿನಿಂದ ಮಾತ್ರ. ಪೆಟ್ಟಿಗೆಯ ಒಳಗೆ ಯಾವ ಕಾರಣಕ್ಕೂ ಟೇಪ್ ಹಾಕಬೇಡಿ.

ಎಡ, ಬಲ, ಹಿಂದೆ, ಮೂರೂ ಗಾಜಿಗೆ ಹೊರಗಿನಿಂದ ಕಪ್ಪು ಪೇಪರ್ ಅಂಟಿಸಿ. ಅರ್ಧ ಹೆದರಿಕೆ ಅಷ್ಟಕ್ಕೇ ಹೋಗುತ್ತದೆ. ಹಾವಿಗೆ ಗಾಜು ಅಂದರೇನು ಅಂತ ಗೊತ್ತಾಗುವುದಿಲ್ಲ. ದಾರಿ ಕಾಣುತ್ತದೆ, ಹೋಗಲು ಆಗುವುದಿಲ್ಲ, ಅದಕ್ಕೇ ಮೂಗು ಉಜ್ಜುವುದು.

ಮಣ್ಣು. ಗೊಬ್ಬರ, ಕೀಟನಾಶಕ ಸೇರಿಸದ ಬರೀ ತೋಟದ ಮಣ್ಣು ಎರಡು ಪಾಲು, ಕೋಕೋಪೀಟ್ ಒಂದು ಪಾಲು, ಮಕ್ಕಳ ಆಟದ ಮರಳು ಸ್ವಲ್ಪ. ಬೆರೆಸಿ ಹಿಡಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ರೊಟ್ಟಿ ಹಿಟ್ಟು ನೀರು ಕುಡಿದ ಹಾಗಿದ್ದರೆ ಸರಿ. 4 ಇಂಚು ಹರಡಿ. ಮೇಲೆ ಒಣ ಎಲೆ ದಪ್ಪಗೆ. ಸೀಡರ್ ಮರದ ಚಕ್ಕೆ ಮಾತ್ರ ಬೇಡವೇ ಬೇಡ, ಅದರ ಎಣ್ಣೆ ಹಾವಿಗೆ ವಿಷ. ಮುಂದೆ ತೇವ ಬೇಕಾದಾಗ ಸ್ಪ್ರೇ ಬಿಟ್ಟುಬಿಡಿ. ನಾಲ್ಕು ಮೂಲೆಗೆ ಒಂದೊಂದು ಲೋಟ ನೀರು ಸುರಿಯಿರಿ. ತಳ ಒದ್ದೆ, ಮೇಲ್ಭಾಗ ಒಣ, ಹಾಗಿರಬೇಕು. ಮೇಲ್ಮೈ ಸದಾ ಒದ್ದೆ ಇದ್ದರೆ ಹೊಟ್ಟೆಯ ಚರ್ಮ ಕೊಳೆಯುತ್ತದೆ.

ಗೂಡುಗಳು. ಬಿಸಿ ತುದಿಯಲ್ಲಿ ಒಂದು, ತಂಪು ತುದಿಯಲ್ಲಿ ಅದೇ ಥರದ್ದು ಇನ್ನೊಂದು. ಎರಡೂ ಒಂದೇ ರೀತಿ ಇರಲಿ. ಇಲ್ಲವಾದರೆ ಇಷ್ಟದ ಗೂಡಿಗಾಗಿ ಮೈ ಬಿಸಿ ಬಿಟ್ಟುಕೊಡುತ್ತದೆ. ಒಳಗೆ ಕೂತರೆ ಮೈ ಮೂರು ಕಡೆ ತಾಗುವಷ್ಟು ಇಕ್ಕಟ್ಟಿರಬೇಕು. ಮೂರನೆಯದು ಮಧ್ಯದಲ್ಲಿ, ಒದ್ದೆ ಸ್ಫ್ಯಾಗ್ನಮ್ ಪಾಚಿ ತುಂಬಿದ ಡಬ್ಬಿ, ಪೊರೆ ಬಿಡುವ ಕಾಲಕ್ಕೆ. ಇವುಗಳ ನಡುವೆ ಕಾರ್ಕ್ ತೊಗಟೆ, ಕೊಂಬೆ, ಪ್ಲಾಸ್ಟಿಕ್ ಎಲೆಬಳ್ಳಿ ಆದರೂ ಸರಿ, ಎಷ್ಟು ತುಂಬಿದರೂ ಜಾಸ್ತಿ ಆಗುವುದಿಲ್ಲ. ಈ ತುದಿಯಿಂದ ಆ ತುದಿಗೆ ಒಂದು ಸಲವೂ ಬಯಲಿಗೆ ಬೀಳದೆ ಹೋಗುವ ಹಾಗಾದರೆ ಕೆಲಸ ಮುಗಿಯಿತು. ಕೊಂಬೆ ಗಟ್ಟಿಯಾಗಿರಲಿ. ಇವು ಕಾಡಿನಲ್ಲಿ ಮರವನ್ನೂ ಹತ್ತುತ್ತವೆ.

ಶಾಖ ಮೇಲಿನಿಂದ ಬರಲಿ. ಹ್ಯಾಲೊಜೆನ್ ಬಲ್ಬ್, ಅದಕ್ಕೆ ಡಿಮ್ಮಿಂಗ್ ಥರ್ಮೋಸ್ಟಾಟ್. ಬಲ್ಬಿನ ಕೆಳಗೆ ಚಪ್ಪಟೆ ಕಲ್ಲು, ನಮ್ಮ ಕಡಪ ಕಲ್ಲಿನಂಥದ್ದು. ಅದರ ಮೇಲ್ಮೈ 32ರಿಂದ 35 ಡಿಗ್ರಿ, ತಂಪು ತುದಿ 24ರಿಂದ 27. ರಾತ್ರಿ ಮನೆ 22ಕ್ಕಿಂತ ಕೆಳಗೆ ಇಳಿದರೆ ಬೆಳಕಿಲ್ಲದ ಸೆರಾಮಿಕ್ ಹೀಟರ್ ಬೇಕು. ಕೆಂಪು, ನೀಲಿ ಬಲ್ಬ್ ಬೇಡ. ಮುಳ್ಳಿನ ಮೀಟರ್ ಎಸೆದು ಎರಡು ಡಿಜಿಟಲ್ ಮೀಟರ್ ತನ್ನಿ, ತುದಿಗೊಂದು. ಬಿಸಿಲಿನಂತೆ ಅತಿನೇರಳೆ ಕಿರಣ ಕೊಡುವ ಯುವಿಬಿ ಟ್ಯೂಬ್ ಹಾಕಿದರೆ ಒಳ್ಳೆಯದು, ಹಾಕದಿದ್ದರೆ ಹಾವು ಸಾಯುವುದಿಲ್ಲ. ಅದು ಆಮೇಲೆ ನೋಡೋಣ.

ಕೊಲಂಬಸ್ ಅಮ್ಮ, ಅಕ್ಟೋಬರ್ 27

ಶನಿವಾರ ಪೂರ್ತಿ ಇದೇ ಕೆಲಸ. ಹೊಟ್ಟೆಯಲ್ಲಿ ಸುಟ್ಟ ಗುರುತಿಲ್ಲ, ಇಲ್ಲಿನ ಡಾಕ್ಟರಿಗೂ ತೋರಿಸಿದೆವು. ಮೂಗಿನ ತುದಿ ಸ್ವಲ್ಪ ತರಚಿದೆ ಅಷ್ಟೇ. ಹಳೇ ಅಕ್ವೇರಿಯಂ ಸ್ಟ್ಯಾಂಡ್ ಸಿಕ್ಕಿತು. ಹುಬ್ಬಳ್ಳಿ ಅಣ್ಣ ಹೇಳಿದಂತೆ ಮಟ್ಟಗೋಲು ಇಟ್ಟರೆ ಎಡಗಡೆ ತಗ್ಗು, ಕಾಲಿನ ಕೆಳಗೆ ಚಕ್ಕೆ ಕೊಟ್ಟು ಸರಿ ಮಾಡಿದೆವು.

ಮಣ್ಣಿನ ನಾಲ್ಕು ಚೀಲ ಗ್ಯಾರೇಜಿನಲ್ಲಿ ಟಾರ್ಪಾಲು ಹಾಸಿ ಬೆರೆಸಿದೆವು. ಕೋಕೋಪೀಟ್ ಇಟ್ಟಿಗೆ ಬಿಸಿನೀರಿಗೆ ಹಾಕಿದ ತಕ್ಷಣ ಉಬ್ಬಿ ಬಕೆಟ್ ತುಂಬಿತು. ನಮ್ಮ ಅತ್ತೆ ಊರಿಂದ ಬಂದಿದ್ದಾರೆ. ಅಲ್ಲಿಯವರೆಗೆ ಆ ಕೋಣೆಗೇ ಕಾಲಿಟ್ಟಿರಲಿಲ್ಲ. ವಾಸನೆಗೆ ಗ್ಯಾರೇಜಿಗೆ ಬಂದು, "ಇದು ತೆಂಗಿನ ನಾರಿನ ಪುಡಿ ಅಲ್ವೇನೇ, ಇದಕ್ಕೆ ದುಡ್ಡು ಕೊಟ್ರಾ?" ಅಂದರು. ಆಮೇಲೆ ಅವರೇ ಕೈ ಹಾಕಿ ಕಲಸಿದರು. ಹಿಂಡಿ ನೋಡಿ, "ಇನ್ನೊಂದು ಚೊಂಬು ನೀರು ಹಾಕು" ಅಂದರು. ಅವರ ಅಂದಾಜೇ ಸರಿಯಾಯಿತು. ಪಂಚಮಿಗೆ ಹುತ್ತಕ್ಕೆ ತನಿ ಎರೆದ ಕೈ ಅದು. ಹಾವಿಗೆ ಒಂದು ಲೋಟ ಹಾಲು ಇಡಲಾ ಅಂತ ಕೇಳುತ್ತಿದ್ದಾರೆ, ಏನು ಹೇಳಲಿ?

ಹಿಂದಿನ ಪಾರ್ಕಿನಿಂದ ಓಕ್ ಎಲೆ ತಂದು ಕಡಿಮೆ ಉರಿಯಲ್ಲಿ ಓವನ್‌ನಲ್ಲಿ ಒಣಗಿಸಿ ಹಾಕಿದ್ದೇವೆ. ಈಗ ಬಿಸಿ ಕಲ್ಲು 33, ತಂಪು ತುದಿ 25, ತೇವಾಂಶ 71. ಉಂಡೆಯನ್ನು ಬಿಟ್ಟಾಗ ಎಲೆಯ ಮೇಲೆ ಒಂದು ನಿಮಿಷ ನಾಲಿಗೆ ಆಡಿಸಿತು. ಆಮೇಲೆ ಎಲೆಯ ಕೆಳಗೇ ತಲೆ ತೂರಿಸಿ ಹೊರಟಿತು. ಹಾವು ಕಾಣುತ್ತಿರಲಿಲ್ಲ, ಎಲೆಗಳು ಮಾತ್ರ ಸಾಲಾಗಿ ಏಳುತ್ತಾ ಹೋದವು. ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ಪಶುವೈದ್ಯೆ ಮೈಸೂರು, ಅಕ್ಟೋಬರ್ 27

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಹಾವಿಗೆ ಹಾಲು ಜೀರ್ಣವಾಗುವುದಿಲ್ಲ, ಬಾಯಾರಿದಾಗ ಬೇರೆ ಏನೂ ಇಲ್ಲದಿದ್ದರೆ ಮಾತ್ರ ಕುಡಿಯುತ್ತದೆ, ಆಮೇಲೆ ಕಾಯಿಲೆ ಬೀಳುತ್ತದೆ. ದಿನಾ ಬೆಳಗ್ಗೆ ಬಟ್ಟಲು ತೊಳೆದು ತಿಳಿನೀರು ತುಂಬುವ ಕೆಲಸ ಅವರಿಗೇ ಕೊಡಿ. ಅದೇ ಅದಕ್ಕೆ ತನಿ.

ಟೆಕ್ಸಸ್ ಮಂಡ್ಯ, ಅಕ್ಟೋಬರ್ 29

ನಾನು ಬೇರೆ ಮಾತು ಹೇಳುತ್ತೇನೆ. ಗಾಜು ಮಾರಿ ಪಿವಿಸಿ ಪ್ಲಾಸ್ಟಿಕ್ ಹಲಗೆಯ ಪೆಟ್ಟಿಗೆ ತಗೊಳ್ಳಿ. ಬಿಸಿ, ತೇವ ಎರಡೂ ನಿಲ್ಲುತ್ತದೆ, ತೂಕ ಕಡಿಮೆ, ಕರೆಂಟೂ ಉಳಿಯುತ್ತದೆ. ನನ್ನ ಹತ್ತಿರ ಮೂರಿವೆ. ಗಾಜಿನ ಜೊತೆ ಗುದ್ದಾಡುವುದು ಯಾಕೆ?

ಹುತ್ತದ ಮಣ್ಣು, ಅಕ್ಟೋಬರ್ 29

ಅಣ್ಣಾ, ಹೊಸದಾಗಿ ಕೊಳ್ಳುವವರಿಗೆ ನಾನೂ ಪಿವಿಸಿಯನ್ನೇ ಹೇಳುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವರ ಮನೆಗೆ ಗಾಜು ಬಂದಾಗಿದೆ. ತಲೆ ಮುಚ್ಚಿ, ಮೂರು ಬದಿ ಮುಚ್ಚಿ, ಮಣ್ಣು ದಪ್ಪ ಹಾಕಿದರೆ ಗಾಜೂ ತೇವ ಹಿಡಿಯುತ್ತದೆ. 71 ಬಂದಿದೆ ನೋಡಿ. ಪಿವಿಸಿಯಲ್ಲೂ ಒಂದೇ ಗೂಡು ಇಟ್ಟು ಖಾಲಿ ಬಿಟ್ಟಿದ್ದರೆ ಈ ಹಾವು ಊಟ ಬಿಡುತ್ತಿತ್ತು.

ಕೊಲಂಬಸ್ ಅಮ್ಮ, ನವೆಂಬರ್ 6, ರಾತ್ರಿ 11:20

ತುಂಬಾ ಅರ್ಜೆಂಟ್. ಜಾಲರಿಯ ಅಂಚಲ್ಲಿ ಒಂದು ಕಡೆ ಬಲ್ಬಿನ ಸ್ಟ್ಯಾಂಡ್ ಅಡ್ಡ ಬಂತು ಅಂತ ನನ್ನ ಗಂಡ ಅಲ್ಲಿ ಮಾತ್ರ ಒಳಗಿನಿಂದ ಟೇಪ್ ಹಾಕಿದ್ದರು. ಅದು ಬಿಟ್ಟುಕೊಂಡು ಕೊಂಬೆಯ ಮೇಲೆ ಜೋತುಬಿದ್ದಿದೆ. ಉಂಡೆಯ ಕತ್ತಿನ ಕೆಳಗೆ ಸುಮಾರು 4 ಇಂಚು ಅಂಟಿಕೊಂಡಿದೆ. ಎಳೆಯಲಾ?

ಹುತ್ತದ ಮಣ್ಣು, ನವೆಂಬರ್ 6

ಎಳೆಯಬೇಡಿ! ಚರ್ಮ ಕಿತ್ತು ಬರುತ್ತದೆ. ಒಬ್ಬರು ಹಾವನ್ನು ಹಿಡಿದುಕೊಳ್ಳಿ, ಅದು ಸುತ್ತಿಕೊಂಡು ಮೈಗೆಲ್ಲ ಅಂಟಿಸಿಕೊಳ್ಳದಂತೆ. ನೇತಾಡುವ ಟೇಪನ್ನು ಕತ್ತರಿಯಿಂದ ಕತ್ತರಿಸಿ. ಅಡುಗೆ ಎಣ್ಣೆ ಹತ್ತಿಗೆ ಅದ್ದಿ ಟೇಪಿನ ಅಂಚಿಗೆ ಬಿಡಿ. ಐದು ನಿಮಿಷ ಕಾಯಿರಿ. ತಲೆಯ ಕಡೆಯಿಂದ ಬಾಲದ ಕಡೆಗೆ, ಹುರುಪೆ ಮಲಗಿರುವ ದಿಕ್ಕಿಗೇ ಸುರುಳಿ ಬಿಚ್ಚಿದ ಹಾಗೆ ಬಿಡಿಸಿ. ಎಣ್ಣೆ ಮೂಗಿಗೆ, ಬಾಯಿಗೆ ಹೋಗದಿರಲಿ. ನಿಧಾನ, ಅಕ್ಕಾ. ನಾನು ಇಲ್ಲೇ ಇರುತ್ತೇನೆ.

ಕೊಲಂಬಸ್ ಅಮ್ಮ, ನವೆಂಬರ್ 7, ಬೆಳಗಿನ ಜಾವ 12:35

ಬಂತು. 45 ನಿಮಿಷ ಹಿಡಿಯಿತು. ಆಲಿವ್ ಎಣ್ಣೆ ಹಚ್ಚಿದೆವು. ಮಗಳು ತೊಡೆಯ ಮೇಲೆ ಟವೆಲ್ ಹಾಕಿ ಹಾವನ್ನು ಹಿಡಿದಿದ್ದಳು, ಅವಳ ಕೈ ಅಲುಗಲಿಲ್ಲ. ನಾನು ಒಂದೊಂದೇ ಸಾಲು ಹುರುಪೆ ನೋಡಿಕೊಂಡು ಬಿಡಿಸಿದೆ. ಅಂಟು ಬಿಡುವಾಗ ಸಣ್ಣ ಚರ್ ಸದ್ದು, ಪ್ರತಿ ಸಲ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಕೊನೆಯಲ್ಲಿ ಎರಡು ಹುರುಪೆಯ ತುದಿ ಎದ್ದಿದೆ, ರಕ್ತ ಇಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಎಣ್ಣೆ ಒರೆಸಿದೆವು. ಒಳಗಿದ್ದ ಟೇಪ್ ಪೂರ್ತಿ ಕಿತ್ತು ಹಾಕಿದ್ದೇವೆ. ಇದನ್ನು ಓದುವ ಎಲ್ಲರೂ ದಯವಿಟ್ಟು ನಿಮ್ಮ ಪೆಟ್ಟಿಗೆಯ ಒಳಗೆ ಇವತ್ತೇ ನೋಡಿ. ಗೂಡಿನ ಕೆಳಗೆ ಮೀಟರ್ ಅಂಟಿಸಿದ ಸಣ್ಣ ಚೂರು ಇದ್ದರೂ ತೆಗೆಯಿರಿ.

ಗಾಜಿನ ಕೆಲಸ ಹುಬ್ಬಳ್ಳಿ, ನವೆಂಬರ್ 7

ಬೆಳಿಗ್ಗೆ ಎದ್ದು ನೋಡಿದೆ, ಸಮಾಧಾನ ಆಯಿತು ಅಕ್ಕಾರೆ. ಟೇಪ್ ಇದ್ದ ಜಾಗಕ್ಕೆ 4 ಎಂಎಂ ಗಾಜಿನ ಪಟ್ಟಿ ಅಳತೆಗೆ ಕತ್ತರಿಸಿ ಜಾಲರಿಯ ಮೇಲೆ ಇಟ್ಟುಬಿಡಿ. ಅಂಚು ಉಜ್ಜಿಸಿಕೊಳ್ಳಿ. ಬಲ್ಬಿನಿಂದ ನಾಲ್ಕು ಬೆರಳು ದೂರ ಇರಲಿ. ಅಂಟೇ ಬೇಡ.

ಮನಿ ಪ್ಲಾಂಟ್, ನವೆಂಬರ್ 19

ನನ್ನದೂ ಇಂಥದ್ದೇ ಪೆಟ್ಟಿಗೆ, ಕಾರ್ನ್ ಸ್ನೇಕ್ ಇದೆ. ಮಣ್ಣು ಹಾಕಿದ ಎರಡು ವಾರಕ್ಕೆ ಮರದ ಕೊಂಬೆಯ ಮೇಲೆ ಬಿಳಿ ಬೂಷ್ಟು ಬರುತ್ತದೆ. ಅಕ್ಕನಿಗೂ ಬಂದೀತು, ಹೆದರಬೇಡಿ. ಸ್ಪ್ರಿಂಗ್‌ಟೇಲ್ ಅಂತ ಸಾಸಿವೆಗಿಂತ ಸಣ್ಣ ಬಿಳಿ ಹುಳ ಸಿಗುತ್ತದೆ, ಮಣ್ಣಿಗೆ ಬಿಟ್ಟರೆ ಬೂಷ್ಟನ್ನೇ ತಿಂದು ಬದುಕುತ್ತದೆ. ಜೊತೆಗೆ ಐಸೊಪಾಡ್ ಅನ್ನುವ ಸಣ್ಣ ಮಣ್ಣುಹುಳ ಬಿಟ್ಟರೆ ಹಾವಿನ ಹಿಕ್ಕೆಯ ಚೂರು, ಪೊರೆ ಎಲ್ಲ ಮಣ್ಣಾಗುತ್ತದೆ. ಆದರೂ ದೊಡ್ಡ ಹಿಕ್ಕೆ ಕಂಡರೆ ನಾವೇ ತೆಗೆಯಬೇಕು. ಹಾವಿನ ಮೈಮೇಲೆ ಅಥವಾ ನೀರಿನ ಬಟ್ಟಲಲ್ಲಿ ಕಪ್ಪು ಚುಕ್ಕೆ ಹರಿದಾಡಿದರೆ ಮಾತ್ರ ಅದು ಉಣ್ಣಿ ಜಾತಿಯದು, ತಕ್ಷಣ ಡಾಕ್ಟರಿಗೆ ಹೇಳಿ.

ಗಿಡ ಇಡುವುದಾದರೆ ಮನಿ ಪ್ಲಾಂಟ್ ಕುಂಡದ ಸಮೇತ ಹೂಳಿ. ಹಾವು ಮೇಲೆ ಹತ್ತಿ ತುಳಿದರೂ ಮತ್ತೆ ಚಿಗುರುತ್ತದೆ.

ಕೊಲಂಬಸ್ ಅಮ್ಮ, ಡಿಸೆಂಬರ್ 2

ಬೂಷ್ಟು ಬಂತು, ಹುಳ ಬಿಟ್ಟೆವು, ಹೋಯಿತು. ತೂಕ 1,108. ಇನ್ನೂ ಊಟ ಇಲ್ಲ. ಮೂಗು ಉಜ್ಜುವುದು ಪೂರ್ತಿ ನಿಂತಿದೆ. ಸಂಜೆ ಏಳಕ್ಕೆ ತಂಪು ಗೂಡಿನಿಂದ ತಲೆ ಮಾತ್ರ ಹೊರಗಿಟ್ಟು ಕೂತಿರುತ್ತದೆ.

ಹುತ್ತದ ಮಣ್ಣು, ಡಿಸೆಂಬರ್ 2

ಅದು ಬೇಟೆಗೆ ಕಾಯುವ ಭಂಗಿ, ಅಕ್ಕಾ! ಹತ್ತು ದಿನ ಬಿಟ್ಟು ಸುಮಾರು 60 ಗ್ರಾಂ ಇಲಿ ಕೊಡಿ. ಫ್ರೀಜರಿನಿಂದ ತೆಗೆದದ್ದನ್ನು ಫ್ರಿಜ್ಜಿನಲ್ಲಿ ಇಡೀ ರಾತ್ರಿ ಕರಗಿಸಿ, ಕವರ್ ಸಮೇತ ಬಿಸಿನೀರಿನಲ್ಲಿ ಇಟ್ಟು ಮೈ ಬೆಚ್ಚಗೆ ಮಾಡಿ. ಈ ಹಾವುಗಳು ತುಟಿಯ ಗುಳಿಗಳಿಂದ ಶಾಖ ನೋಡುತ್ತವೆ, ತಣ್ಣಗಿದ್ದರೆ ಅದು ಇಲಿ ಅಂತಲೇ ಅನ್ನಿಸುವುದಿಲ್ಲ. ಕೋಣೆಯ ದೀಪ ಆರಿಸಿ. ಉದ್ದ ಚಿಮುಟದಲ್ಲಿ ಗೂಡಿನ ಬಾಗಿಲಿಗೆ ಒಡ್ಡಿ, ಐದು ನಿಮಿಷ, ಅಷ್ಟೇ. ತಿಂದರೆ ಎರಡು ದಿನ ಮುಟ್ಟಬೇಡಿ.

ಕೊಲಂಬಸ್ ಅಮ್ಮ, ಡಿಸೆಂಬರ್ 13

ತಿಂದಳು! ಒಂದೇ ಏಟಿಗೆ ಹಿಡಿದಳು. ಮಗಳು ಚಿಮುಟ ಕೈಬಿಟ್ಟು ನನ್ನನ್ನು ತಬ್ಬಿಕೊಂಡಳು. ಕತ್ತಲಲ್ಲಿ ಮೂವರೂ ನೆಲದ ಮೇಲೆ ಕೂತು ನೋಡಿದೆವು. ಅತ್ತೆ ಬಾಗಿಲ ಹತ್ತಿರ ನಿಂತು, "ತಿಂತಾ? ತಿಂತಾ?" ಅಂತ ಪಿಸುಗುಟ್ಟುತ್ತಿದ್ದರು.

ಕೊಲಂಬಸ್ ಅಮ್ಮ, ಜನವರಿ 11

ಹೊರಗೆ ಒಂದು ಅಡಿ ಹಿಮ. ಒಳಗೆ ಪೆಟ್ಟಿಗೆಯಲ್ಲಿ ತೇವಾಂಶ 74. ಹೊಸ ವರ್ಷದ ಹೊತ್ತಿಗೆ ಕಣ್ಣು ಹಾಲು ಬೆರೆಸಿದ ನೀಲಿ ಬಣ್ಣಕ್ಕೆ ತಿರುಗಿತ್ತು, ಪಾಚಿ ಡಬ್ಬಿ ಬಿಟ್ಟು ಹೊರಬರಲೇ ಇಲ್ಲ. ನಾಲ್ಕು ದಿನಕ್ಕೆ ಕಣ್ಣು ತಿಳಿಯಾಯಿತು. ಇವತ್ತು ಬೆಳಿಗ್ಗೆ ನೀರು ತುಂಬಲು ಹೋದ ಅತ್ತೆ ಕರೆದರು. ಕಾರ್ಕ್ ತೊಗಟೆಯ ಪಕ್ಕದಲ್ಲಿ ಪೊರೆ ಬಿದ್ದಿತ್ತು, ಕಾಲುಚೀಲ ತಿರುಗಿಸಿ ಕಳಚಿದ ಹಾಗೆ, ಮೂಗಿನಿಂದ ಬಾಲದ ತುದಿಯವರೆಗೆ ಒಂದೇ ತುಂಡು. ಎರಡು ಕಣ್ಣಿನ ಚಿಪ್ಪೂ ಅದರಲ್ಲೇ ಇವೆ, ಬೆಳಕಿಗೆ ಹಿಡಿದು ನೋಡಿದೆವು. ಟೇಪ್ ಅಂಟಿದ್ದ ಕಡೆ ಆ ಎರಡು ಹುರುಪೆಯ ಗುರುತು ಮಾತ್ರ ಸ್ವಲ್ಪ ಸುಕ್ಕಾಗಿದೆ.

ಮಗಳು ಅದನ್ನು ಒದ್ದೆ ಇರುವಾಗಲೇ ಊಟದ ಮೇಜಿನ ಮೇಲೆ ಚಾಚಿ ಅಳೆದಳು. 4 ಅಡಿ 2 ಇಂಚು. ಹಾವಿಗಿಂತ ಪೊರೆ ಉದ್ದ ಬರುತ್ತದಂತೆ. ನೋಟ್‌ಬುಕ್ಕಿನಲ್ಲಿ ತಾರೀಕು ಬರೆದು ಪಕ್ಕದಲ್ಲಿ ಅಂಟಿಸಲು ಹೊರಟಿದ್ದಳು, ಅತ್ತೆ ಅದರ ಒಂದು ಗೇಣು ಕೇಳಿ ಇಸಿದುಕೊಂಡರು. ಮುಂದಿನ ವಾರ ಊರಿಗೆ ಹೊರಡುತ್ತಿದ್ದಾರೆ. ನೀರಿನ ಬಟ್ಟಲಿನ ಕೆಲಸ ಇನ್ನು ನನ್ನದು.